ಮಂಡಿಯ ಚಿತ್ರವೂ ಮಂಡಿಯ ನೋವೂ

ಕಬಡ್ಡಿಯ ಅಂಕಣದಲ್ಲಿ ಪಾದ ನೆಲಕ್ಕೆ ಊರಿದ್ದಂತೆಯೇ ಮೈ ಹೊರಳಿದರೆ ಮಂಡಿಗೆ ಪೆಟ್ಟಾಗುವುದು ಅಪರೂಪವಲ್ಲ. ತೊಡೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳು ಅನೇಕ ವೇಳೆ ಇಂಥ ಪೆಟ್ಟಿಗೆ ಗುರಿಯಾಗುತ್ತವೆ. ವೈದ್ಯರು ಇವನ್ನು ಮೆನಿಸ್ಕಸ್ ಎನ್ನುತ್ತಾರೆ. ಇಂದು ಮಂಡಿ ನೊಂದೊಡನೆ ‘ಮೊದಲು ಸ್ಕ್ಯಾನ್ ಮಾಡಿಸಿಬಿಡೋಣ’ ಎಂಬ ಮಾತು ಕೇಳಿಬರುತ್ತದೆ. ಈ ಅವಸರವು ವಿಜ್ಞಾನಕ್ಕೆ ಒಪ್ಪುವಂಥದಲ್ಲವೆಂದು ನಮ್ಮ ಅಭಿಪ್ರಾಯ.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಅದರಲ್ಲಿ ಅಭಿಮಾನವೇ ಉಂಟು. 1895ರಲ್ಲಿ ರಂಟ್ಗೆನ್ ಕಂಡುಹಿಡಿದ ಕ್ಷ-ಕಿರಣಗಳು ಸುಣ್ಣದಂಶವುಳ್ಳ ಮೂಳೆಯನ್ನು ತೋರಿಸಬಲ್ಲವೇ ಹೊರತು ಮೃದ್ವಸ್ಥಿಯ ಹರಿತವನ್ನು ತೋರಿಸಲಾರವು. ಈ ಕೊರತೆಯನ್ನು ನೀಗಿದ್ದು ಎಂ.ಆರ್.ಐ. 1.5 ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ ದೇಹದ ಜಲಜನಕದ ಬೀಜಗಳು, ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಕಂಪಿಸುವ ರೇಡಿಯೋ ಅಲೆಗಳಿಗೆ ಓಗೊಡುತ್ತವೆ; ಆ ಮರುದನಿಯಿಂದಲೇ ಚಿತ್ರ ಮೂಡುತ್ತದೆ. ಈ ವಿಧಾನಕ್ಕೆ ಅಡಿಪಾಯ ಹಾಕಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಚಿತ್ರದಲ್ಲಿ ಮೆನಿಸ್ಕಸ್ ಕಪ್ಪಾಗಿಯೂ, ಅದರಲ್ಲಿನ ಬಿರುಕು ಬೆಳ್ಳನೆಯ ಗೆರೆಯಾಗಿಯೂ ಕಾಣುತ್ತದೆ.

ಆದರೆ ಕಂಡ ಬಿರುಕೇ ನೋವಿಗೆ ಕಾರಣವೆಂದು ಹೇಳುವುದು ಹೇಗೆ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗಳನ್ನು ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಲಾಯಿತು. ಮೆನಿಸ್ಕಸ್ ಹರಿದಿದ್ದವರ ಪೈಕಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ! ವಯಸ್ಸಾದಂತೆ ಕೂದಲು ನರೆಯುವ ಹಾಗೆ ಮೆನಿಸ್ಕಸ್ಸೂ ಸವೆಯುತ್ತದೆ. ತರುಣರಲ್ಲಿ ಇಂಥ ಸವೆತ ಕಡಿಮೆಯಾದರೂ, ಮನೆಯ ಹಿರಿಯರ ಚಿತ್ರವನ್ನು ನೋಡುವಾಗ ಈ ಸಂಗತಿಯನ್ನು ಮರೆಯಲಾಗದು.

ಆದಕಾರಣ ಮೊದಲು ಬೇಕಾದದ್ದು ರೋಗಿಯ ಮಾತು ಮತ್ತು ವೈದ್ಯರ ಕೈ. ಪೆಟ್ಟು ಬಿದ್ದಾಗ ಮಂಡಿ ತಿರುಚಿತೇ? ಬಾವು ಒಂದೆರಡು ಗಂಟೆಯಲ್ಲೇ ಬಂದಿತೇ, ಮರುದಿನ ಬಂದಿತೇ? ಕೂಡಲೇ ಬಂದ ಬಾವು ಒಳಗಿನ ರಕ್ತಸ್ರಾವವನ್ನೂ ಅಸ್ಥಿಬಂಧನದ ಹರಿತವನ್ನೂ ಸೂಚಿಸಬಹುದು. ನಿಧಾನವಾಗಿ ಬಂದದ್ದು ಮೆನಿಸ್ಕಸ್ಸಿನ ಕಡೆಗೆ ಬೆರಳು ತೋರಬಹುದು. ಲಿವರ್‌ಪೂಲಿನ ಮೆಕ್‌ಮರ್ರಿಯವರ ಹೆಸರಿನ ಪರೀಕ್ಷೆಯಲ್ಲಿ ವೈದ್ಯರು ಮಡಿಸಿದ ಕಾಲನ್ನು ತಿರುಗಿಸುತ್ತಾ ನೀಡಿಸಿ, ಕೀಲಿನಲ್ಲಿ ‘ಟಕ್’ ಎನ್ನುವುದನ್ನು ಬೆರಳಿನಿಂದ ಅರಿಯುತ್ತಾರೆ. ಇದೊಂದನ್ನೇ ನಂಬುವಂತಿಲ್ಲ, ಹಲವು ಸಾಕ್ಷ್ಯಗಳು ಒಂದೇ ಮಾತನ್ನು ಹೇಳಿದಾಗ ನಿರ್ಣಯ ಗಟ್ಟಿಯಾಗುತ್ತದೆ. ಮಂಡಿ ಸಿಕ್ಕಿಕೊಂಡು ಕಾಲನ್ನು ನೀಡಲಾಗದೆ ಇದ್ದರೆ, ಅಥವಾ ಅಸ್ಥಿಬಂಧನವು ಹರಿದಿದೆಯೆಂಬ ಸಂದೇಹವಿದ್ದರೆ, ಆಗ ಎಂ.ಆರ್.ಐ.ಗೆ ತಡಮಾಡಬಾರದು.

ಇಷ್ಟು ಎಚ್ಚರಿಕೆ ಏಕೆಂದರೆ, ಚಿತ್ರದ ಹಿಂದೆಯೇ ಶಸ್ತ್ರಕ್ರಿಯೆ ಬರುತ್ತದೆ. ಕತ್ತರಿಸಿ ತೆಗೆದ ಮೆನಿಸ್ಕಸ್ ಮೊದಲಿನಂತೆ ಮತ್ತೆ ಬೆಳೆಯದು. ಅದನ್ನು ತೆಗೆದ ಮಂಡಿಗಳಲ್ಲಿ ಮುಂದೆ ಕಾಣುವ ಮಾರ್ಪಾಡುಗಳನ್ನು ಫೇರ್‌ಬ್ಯಾಂಕ್ 1948ರಲ್ಲೇ ವಿವರಿಸಿದ್ದರು. ಫಿನ್‌ಲೆಂಡಿನಲ್ಲಿ, ಸವೆತದಿಂದ ಮೆನಿಸ್ಕಸ್ ಹರಿದಿದ್ದ 146 ಜನರ ಪೈಕಿ ಕೆಲವರಿಗೆ ನಿಜವಾದ ಶಸ್ತ್ರಕ್ರಿಯೆಯನ್ನೂ ಉಳಿದವರಿಗೆ ಅದರ ಅಣಕವನ್ನೂ ಮಾಡಿ, ವರ್ಷದ ಅನಂತರ ಹೋಲಿಸಲಾಯಿತು. ಗಣನೀಯವಾದ ವ್ಯತ್ಯಾಸ ಕಾಣಲಿಲ್ಲವೆಂದು 2013ರಲ್ಲಿ ವರದಿಯಾಯಿತು.

ಅಳತೆಯ ಉಪಕರಣವನ್ನು ಮುಟ್ಟುವ ಮೊದಲು ಅಳೆಯುವುದೇನನ್ನು, ಏತಕ್ಕೆ ಎಂದು ಯೋಚಿಸಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ಹೇಳುತ್ತೇವೆ. ವಿದ್ಯಾರ್ಥಿಗಳು ಅದನ್ನೇ ವೈದ್ಯರ ಮುಂದೆಯೂ ವಿನಯದಿಂದ ಕೇಳಲಿ: “ಈ ಚಿತ್ರದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?” ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಕೊಡುತ್ತಾರೆ.