ಆಟದ ಮೈದಾನಕ್ಕೆ ವಾರಸುದಾರರು ಯಾರು?

ಪ್ರತಿ ವರ್ಷ ಬಜೆಟ್ ಮಂಡನೆಗೆ ಮುನ್ನ ನಮ್ಮ ಪುರಸಭೆಗಳು ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಅಂಥ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಅನುಭವ ನಮಗಿದೆ. ಕುಡಿಯುವ ನೀರು, ಒಳಚರಂಡಿ, ದಾರಿದೀಪ, ಬೀದಿನಾಯಿ, ಕಸ ವಿಲೇವಾರಿ ಎಂದು ಜನರು ಒಬ್ಬೊಬ್ಬರಾಗಿ ಎದ್ದು ಹೇಳುತ್ತಾರೆ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಒಮ್ಮೆ ನಿವೃತ್ತ ಶಿಕ್ಷಕಿಯೊಬ್ಬರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು: ''ನಮ್ಮ ವಾರ್ಡಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಎಲ್ಲಿ ಆಡಬೇಕು?'' ಪಾರ್ಕಿಗೆ ಅನುದಾನ ಇಟ್ಟಿದ್ದೇವೆ ಎಂಬ ಉತ್ತರ ವೇದಿಕೆಯಿಂದ ಬಂತು. ಮರುವರ್ಷ ಆ ಪಾರ್ಕಿಗೆ ಹೊಸ ಸ್ವಾಗತ ಗೋಪುರ ಬಂತು, ನಾಮಫಲಕ ಬಂತು, ಗೇಟು ಬಂತು. ಗೇಟಿಗೆ ಬೀಗವೂ ಬಂತು. ಬೀಗದ ಕೈ ಯಾರಲ್ಲಿದೆ ಎಂದು ವಿಚಾರಿಸಿದಾಗ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಸಣ್ಣ ಪಟ್ಟಣಗಳ ಪಾರ್ಕು ಮೈದಾನಗಳ ಕಥೆ ಹೆಚ್ಚುಕಡಿಮೆ ಇಷ್ಟೇ. ಕಟ್ಟುವುದಕ್ಕೆ ಹಣ ಹೇಗಾದರೂ ಬರುತ್ತದೆ. ಶಾಸಕರ ನಿಧಿ, ಸಂಸದರ ನಿಧಿ, ಯಾವುದೋ ಯೋಜನೆಯ ಉಳಿಕೆ ಹಣ ಹೀಗೆ. ಕಟ್ಟಿದ್ದನ್ನು ದಿನನಿತ್ಯ ನೋಡಿಕೊಳ್ಳುವುದಕ್ಕೆ ಹಣವೂ ಇಲ್ಲ, ಆಳೂ ಇಲ್ಲ. ಅದರಲ್ಲೂ ನಮ್ಮದು ಕರಾವಳಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸುತ್ತ ಚರಂಡಿ ತೋಡದ ಮೈದಾನ ನಾಲ್ಕು ತಿಂಗಳು ಕೆಸರುಗದ್ದೆ. ಉಪ್ಪು ಗಾಳಿಗೆ ಬಯಲು ವ್ಯಾಯಾಮಶಾಲೆಯ ಕಬ್ಬಿಣದ ಸಲಕರಣೆ ಬೇಗನೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಣ್ಣ ಬಳಿದು, ಬೇರಿಂಗಿಗೆ ಗ್ರೀಸ್ ಹಾಕುವವರು ಇಲ್ಲದಿದ್ದರೆ ಜೋಕಾಲಿಯ ಸರಪಳಿ ಮಕ್ಕಳ ಭಾರಕ್ಕೇ ಕಡಿದು ಬೀಳುತ್ತದೆ. ಆಮೇಲೆ ''ಅಪಾಯ, ಬಳಸಬೇಡಿ'' ಎಂಬ ಬೋರ್ಡು ತೂಗುತ್ತದೆ. ಬೋರ್ಡು ತೂಗಿಸಲು ಸಿಕ್ಕಿದ ಆಳು ಗ್ರೀಸ್ ಹಾಕಲು ಸಿಗಲಿಲ್ಲವಲ್ಲ ಎಂಬುದೇ ನಮ್ಮ ಬೇಸರ.

ಇದಕ್ಕೆ ಅಧಿಕಾರಿಗಳನ್ನು ಮಾತ್ರ ದೂರುವುದು ಸರಿಯಲ್ಲ. ಮೂಲ ಕಾರಣ ಕಾನೂನಿನಲ್ಲೇ ಇದೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಪುರಸಭೆಯ ಕರ್ತವ್ಯಗಳನ್ನು ಕಡ್ಡಾಯ ಮತ್ತು ಐಚ್ಛಿಕ ಎಂದು ಎರಡಾಗಿ ವಿಂಗಡಿಸಲಾಗಿದೆ. ರಸ್ತೆಯ ದೀಪ, ನೈರ್ಮಲ್ಯ ಕಡ್ಡಾಯದ ಪಟ್ಟಿಯಲ್ಲಿವೆ, ಉದ್ಯಾನವನ ಐಚ್ಛಿಕದಲ್ಲಿ. 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಪಾರ್ಕು, ಉದ್ಯಾನ, ಆಟದ ಮೈದಾನಗಳೂ ಇವೆ ನಿಜ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಸಣ್ಣ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಉಳಿದ ಶೇ. 40ಕ್ಕೆ ರಸ್ತೆ, ತೋಡು, ತಡೆಗೋಡೆ ಎಲ್ಲವೂ ಕೈಚಾಚುತ್ತವೆ. 2015ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿ ಉದ್ಯಾನಗಳಿಗೂ ಒಂದು ಪಾಲಿತ್ತು. ಆದರೆ ಅದು ಮುಖ್ಯವಾಗಿ ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. ಇಪ್ಪತ್ತು ಮೂವತ್ತು ಸಾವಿರ ಜನರ ಪುರಸಭೆಗೆ ಅದು ದಕ್ಕಲಿಲ್ಲ. ಇದರ ಜತೆಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ವಿಳಂಬವಾಗಿ 2023-24ರಲ್ಲಿ ರಾಜ್ಯದ ಹಲವು ಪುರಸಭೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಆಡಳಿತಾಧಿಕಾರಿ ನೀರಿನ ಪೈಪು ಒಡೆದರೆ ದುರಸ್ತಿ ಮಾಡಿಸಿಯಾರು. ಮೈದಾನದ ಹುಲ್ಲಿನ ಬಗ್ಗೆ ಅವರ ಬಳಿ ಕೇಳುವವರು ಯಾರು?

ಎರಡನೆಯ ತೊಡಕು ಒಡೆತನದ್ದು. ಒಂದೇ ಪೇಟೆಯ ಐದು ಮೈದಾನಗಳಿಗೆ ಐವರು ಯಜಮಾನರು. ತಾಲೂಕು ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು, ಸರಕಾರಿ ಶಾಲೆಯ ಅಂಗಳ ಶಿಕ್ಷಣ ಇಲಾಖೆಯದ್ದು, ಬಡಾವಣೆಯ ಪಾರ್ಕು ಪುರಸಭೆಯದ್ದು, ಹಳೆಯ ಮೈದಾನ ಕಂದಾಯ ಇಲಾಖೆಯ ಪರಂಬೋಕು, ಮತ್ತೊಂದು ದೇವಸ್ಥಾನದ್ದೋ ಚರ್ಚಿನದ್ದೋ ಆಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಬರೆದಿಟ್ಟ ಪಟ್ಟಿ ಯಾವ ಕಚೇರಿಯಲ್ಲೂ ಇರುವುದಿಲ್ಲ. ಪಟ್ಟಿ ಇಲ್ಲದ ಮೈದಾನ ಸದ್ದಿಲ್ಲದೆ ಕುಗ್ಗುತ್ತಾ ಹೋಗುತ್ತದೆ. ಮೊದಲು ಮೂಲೆಯಲ್ಲಿ ನೀರಿನ ಟ್ಯಾಂಕಿ, ಬಳಿಕ ಒಂದು ಅಂಗನವಾಡಿ, ಆಮೇಲೆ ಟೆಂಪೋ ನಿಲ್ದಾಣ. ಪ್ರತಿಯೊಂದೂ ಒಳ್ಳೆಯ ಕೆಲಸವೇ ಆದ್ದರಿಂದ ವಿರೋಧಿಸುವವರು ಕೆಟ್ಟವರಾಗುತ್ತಾರೆ.

ಈ ಅಪಾಯ ಗೊತ್ತಿದ್ದೇ ನಮ್ಮ ರಾಜ್ಯದಲ್ಲಿ 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದು ಪ್ರತ್ಯೇಕ ಕಾಯ್ದೆ ರಚಿಸಲಾಯಿತು. ಅದರ ಮೊದಲ ಮೆಟ್ಟಿಲೇ ಪಟ್ಟಿ ಮಾಡುವುದು. ಪ್ರಕಟಿತ ಪಟ್ಟಿಗೆ ಸೇರಿದ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಕೂಡದು. ಸುಪ್ರೀಂ ಕೋರ್ಟು 1991ರಲ್ಲಿ ನೀಡಿದ ತೀರ್ಪೊಂದನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆ ಒಳ್ಳೆಯ ಉದ್ದೇಶವಾದರೂ ಪಾರ್ಕಿನ ಜಾಗ ಅದಕ್ಕಲ್ಲ ಎಂದ ನ್ಯಾಯಾಲಯ, ಪ್ರಶ್ನಿಸುವ ಹಕ್ಕು ಸಾಮಾನ್ಯ ನಿವಾಸಿಗಳಿಗೂ ಇದೆ ಎಂದು ಎತ್ತಿಹಿಡಿಯಿತು. ಮೂರು ದಶಕ ಕಳೆದರೂ ಈ ತೀರ್ಪಿನ ವಿಷಯ ನಮ್ಮ ವಾರ್ಡು ಸಭೆಗಳಲ್ಲಿ ಯಾರೂ ಎತ್ತಿದ್ದನ್ನು ನಾವು ಕೇಳಿಲ್ಲ.

ನಮ್ಮ ಕರಾವಳಿಯ ಮೈದಾನಗಳ ಹೆಸರನ್ನೊಮ್ಮೆ ಗಮನಿಸಿ. ಕುಂದಾಪುರದಲ್ಲಿ ಗಾಂಧಿ ಮೈದಾನ, ಮೂಡುಬಿದಿರೆಯಲ್ಲಿ ಸ್ವರಾಜ್ಯ ಮೈದಾನ, ಮಂಗಳೂರಿನಲ್ಲಿ ನೆಹರೂ ಮೈದಾನ. 1934ರಲ್ಲಿ ಗಾಂಧೀಜಿ ಉಡುಪಿಗೆ ಬಂದಾಗ ಜನರನ್ನು ಉದ್ದೇಶಿಸಿ ಮಾತನಾಡಿದ್ದು ಅಜ್ಜರಕಾಡಿನಲ್ಲಿ. ಹಾಗಾಗಿ ಮೈದಾನವೆಂದರೆ ಬರೀ ಆಟಕ್ಕೆ, ಸಭೆ ಸಮಾರಂಭ ಬೇಡವೇ ಬೇಡ ಎನ್ನುವ ವಾದ ನಮ್ಮದಲ್ಲ. ಯಕ್ಷಗಾನಕ್ಕೆ, ಜಾತ್ರೆಗೆ, ರಾಜಕೀಯ ಭಾಷಣಕ್ಕೆ, ನಮ್ಮ ಸಮಾವೇಶಗಳಿಗೂ ಜಾಗ ಬೇಕು. ಪ್ರಶ್ನೆ ಇರುವುದು ಮರುದಿನದ ಬಗ್ಗೆ. ಚಪ್ಪರದ ಕಂಬ ಕಿತ್ತ ಹೊಂಡ ಮುಚ್ಚುವುದಿಲ್ಲ, ಮೊಳೆ, ತಂತಿ, ಒಡೆದ ಬಾಟಲಿ, ಊಟದ ತಟ್ಟೆ ಅಲ್ಲೇ ಬಿದ್ದಿರುತ್ತವೆ. ಒದ್ದೆ ನೆಲದ ಮೇಲೆ ಲಾರಿ ನಿಲ್ಲಿಸಿದರೆ ಮಣ್ಣು ಗಟ್ಟಿಯಾಗಿ, ಚಕ್ರದ ಗುರುತು ಬೇಸಿಗೆಯವರೆಗೂ ಉಳಿದು, ಓಡುವ ಹುಡುಗನ ಕಾಲು ಉಳುಕುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಾಡಿಗೆಯ ಜತೆ ಠೇವಣಿ ಪಡೆದು, ನೆಲ ಸಮತಟ್ಟು ಮಾಡಿ ಕೊಟ್ಟ ಮೇಲಷ್ಟೇ ಅದನ್ನು ಹಿಂದಿರುಗಿಸಬೇಕು. ವರ್ಷದ ಕ್ಯಾಲೆಂಡರನ್ನು ಮೊದಲೇ ಬರೆದು ಗೇಟಿನಲ್ಲಿ ಅಂಟಿಸಬೇಕು: ಇಂತಿಷ್ಟು ದಿನ ಸಮಾರಂಭಕ್ಕೆ, ಉಳಿದದ್ದು ಆಟಕ್ಕೆ, ಮಳೆ ನಿಂತ ಮೇಲೆ ಹುಲ್ಲು ಚಿಗುರಲು ಕೆಲವು ವಾರ ಯಾರಿಗೂ ಇಲ್ಲ. ಬಾಡಿಗೆ ಹಣ ಪುರಸಭೆಯ ಸಾಮಾನ್ಯ ನಿಧಿಗೆ ಸೇರಿ ಕರಗದೆ ಅದೇ ಮೈದಾನಕ್ಕೆ ಖರ್ಚಾಗಬೇಕು. ಒಬ್ಬ ಕಾವಲುಗಾರನಿಗೆ ತಿಂಗಳಿಗೆ 15 ಸಾವಿರ ಎಂದಿಟ್ಟುಕೊಂಡರೂ ವರ್ಷಕ್ಕೆ 1 ಲಕ್ಷ 80 ಸಾವಿರ. ಸ್ವಾಗತ ಗೋಪುರದ ಬಿಲ್ಲು ನೋಡಿದವರಿಗೆ ಇದು ದೊಡ್ಡ ಮೊತ್ತ ಎನಿಸದು.

ಮೈದಾನ ಹಾಳಾದ ಜಾಗಕ್ಕೆ ಈಗ ವ್ಯಾಪಾರ ಬಂದಿದೆ. ಬಲೆ ಕಟ್ಟಿದ, ಕೃತಕ ಹುಲ್ಲು ಹಾಸಿದ ಟರ್ಫ್ ಅಂಗಣಗಳು ಸಣ್ಣ ಪೇಟೆಗಳಲ್ಲೂ ಎದ್ದಿವೆ. ಗಂಟೆಗೆ ಇಂತಿಷ್ಟು ಎಂದು ಬಾಡಿಗೆ. ಸಂಬಳ ಬರುವ ಯುವಕರು ಹತ್ತು ಹನ್ನೆರಡು ಮಂದಿ ಸೇರಿ ದುಡ್ಡು ಹಾಕಿ ರಾತ್ರಿ ಆಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಬಂದರಿನಲ್ಲಿ ಮೀನು ಹೊರುವವರ ಮಗ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು ಆ ಬಲೆಯ ಹೊರಗೆ ನಿಂತು ನೋಡಬೇಕಾಗುತ್ತದೆ. ಆಟವೂ ಟ್ಯೂಷನ್ನಿನಂತೆ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ವಸ್ತುವಾದರೆ ನಷ್ಟ ಯಾರಿಗೆ ಎಂಬುದನ್ನು ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯಂಗಳಕ್ಕೆ ಬರದಿದ್ದರೆ ನಾವು ಪ್ರಾಮಾಣಿಕರಾಗುವುದಿಲ್ಲ. ಕರಾವಳಿಯ ಅನೇಕ ಊರುಗಳಲ್ಲಿ ಅತ್ಯಂತ ದೊಡ್ಡ ಆಟದ ಬಯಲು ಇರುವುದು ಚರ್ಚಿನ ಅಥವಾ ನಮ್ಮ ಶಾಲೆಗಳ ಜಾಗದಲ್ಲಿ. ಮೂವತ್ತು ವರ್ಷಗಳ ಹಿಂದೆ ಅವಕ್ಕೆ ಆವರಣ ಗೋಡೆ ಇರಲಿಲ್ಲ. ಜಾತಿ ಮತ ನೋಡದೆ ಊರ ಮಕ್ಕಳೆಲ್ಲ ಅಲ್ಲಿ ಆಡಿ ಬೆಳೆದರು. ಇಂದು ಗೋಡೆ ಎದ್ದಿದೆ, ಶಾಲೆ ಬಿಟ್ಟ ಕೂಡಲೇ ಗೇಟು ಮುಚ್ಚುತ್ತದೆ, ರಸ್ತೆ ಬದಿಯ ಅಂಚಿನಲ್ಲಿ ವಾಣಿಜ್ಯ ಸಂಕೀರ್ಣ ತಲೆ ಎತ್ತಿದೆ, ಉಳಿದ ಭಾಗಕ್ಕೆ ವಾಹನ ನಿಲುಗಡೆಗೆಂದು ಇಂಟರ್‌ಲಾಕ್ ಹಾಸಲಾಗಿದೆ. ನಾವೇ ಸಹಾಯಕ ಗುರುಗಳಾಗಿದ್ದ ಒಂದು ಕಡೆ ಇಂಟರ್‌ಲಾಕ್ ಹಾಸುವ ತೀರ್ಮಾನಕ್ಕೆ ನಾವೂ ತಲೆಯಾಡಿಸಿದ್ದೆವು. ಭಾನುವಾರದ ಎರಡು ಗಂಟೆಯ ಕಾರುಗಳಿಗಾಗಿ ವಾರದ ಉಳಿದ ದಿನಗಳ ಆಟವನ್ನು ಕಳೆದೆವು ಎಂಬುದು ಹೊಳೆದದ್ದು ಬಹಳ ತಡವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಹರಿಯಾಣದ ಶಾಲೆಯೊಂದರ ಮೈದಾನದ ಒತ್ತುವರಿ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು, ಆಟದ ಮೈದಾನವಿಲ್ಲದ ಶಾಲೆ ಇರಕೂಡದು ಎಂದು ಸ್ಪಷ್ಟಪಡಿಸಿ ಒತ್ತುವರಿ ತೆರವಿಗೆ ಆದೇಶಿಸಿತು.

ಸಂತ ಜಾನ್ ಬೋಸ್ಕೊರವರ ಜೀವನದ ಒಂದು ಸಂಗತಿ ನೆನಪಾಗುತ್ತದೆ. 1846ರಲ್ಲಿ ತುರಿನ್ ನಗರದಲ್ಲಿ ಅವರು ತಮ್ಮ ಹುಡುಗರಿಗಾಗಿ ಒಂದು ಹುಲ್ಲುಗಾವಲನ್ನು ಬಾಡಿಗೆಗೆ ಪಡೆದಿದ್ದರು. ಹುಡುಗರ ತುಳಿತಕ್ಕೆ ಹುಲ್ಲು ಬೇರುಸಹಿತ ಸಾಯುತ್ತಿದೆ ಎಂದು ಮಾಲೀಕರು ಅವರನ್ನು ಬಿಡಿಸಿದರು. ಆ ಬಳಿಕವೇ ವಾಲ್ದೊಕ್ಕೊದ ಹಳೆಯ ಕೊಟ್ಟಿಗೆ ಅವರಿಗೆ ಸಿಕ್ಕಿದ್ದು. ಹುಲ್ಲಿನ ಬಗ್ಗೆ ಆ ಮಾಲೀಕರಿಗಿದ್ದ ಚಿಂತೆ ನಮ್ಮ ಕೆಲವು ಶಾಲೆಗಳ ಉದ್ಯಾನದ ಬೋರ್ಡುಗಳಲ್ಲಿ ಇಂದಿಗೂ ಓದಲು ಸಿಗುತ್ತದೆ.

ಇನ್ನು ಕಾರ್ಯಕ್ರಮಗಳ ವಿಷಯ. ನಮ್ಮ ಯುವ ಸಂಘಟನೆಗಳು ವರ್ಷಕ್ಕೊಮ್ಮೆ ಹೊನಲು ಬೆಳಕಿನ ವಾಲಿಬಾಲ್ ಅಥವಾ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ ನಡೆಸುತ್ತವೆ. ಆಟಗಾರನಿಗಿಂತ ಎತ್ತರದ ಟ್ರೋಫಿ, ನಗದು ಬಹುಮಾನ, ಹೊರಗಿನಿಂದ ಕರೆಸಿದ ತಂಡಗಳು. ಊರ ಹುಡುಗರು ಕುರ್ಚಿ ಹಾಕುತ್ತಾರೆ, ಊಟ ಬಡಿಸುತ್ತಾರೆ. ಒಂದು ರಾತ್ರಿಯ ಆ ಖರ್ಚಿನಲ್ಲಿ ವರ್ಷವಿಡೀ ಬಲೆ, ಚೆಂಡು, ಸಂಜೆ ಎರಡು ಗಂಟೆಯ ಮೇಲ್ವಿಚಾರಕ ಇವಿಷ್ಟನ್ನೂ ಒದಗಿಸಬಹುದು. ಹುಡುಗಿಯರ ಪಾಲಂತೂ ಪಂದ್ಯಾಟದ ದಿನದ ಒಂದು ತ್ರೋಬಾಲ್ ಪ್ರದರ್ಶನ ಪಂದ್ಯಕ್ಕೆ ಮುಗಿಯುತ್ತದೆ. ಅವರು ಯಾಕೆ ಮೈದಾನಕ್ಕೆ ಬರುವುದಿಲ್ಲ ಎಂದು ತಾಯಂದಿರನ್ನು ಕೇಳಿದಾಗ ಬಂದ ಉತ್ತರ ನೇರವಾಗಿತ್ತು: ಶೌಚಾಲಯ ಇಲ್ಲ, ದೀಪ ಇಲ್ಲ, ಹುಡುಗರು ಜಾಗ ಬಿಡುವುದಿಲ್ಲ. ವಾರದಲ್ಲಿ ಎರಡು ಸಂಜೆಯನ್ನು ಅವರ ಹೆಸರಿನಲ್ಲೇ ಬರೆದಿಡುವುದರಿಂದ ಮೂರನೆಯ ಸಮಸ್ಯೆಯಾದರೂ ಬಗೆಹರಿದೀತು.

ಜಾಗ ಎಲ್ಲಿದೆ ಎಂದು ಕೇಳುವವರಿಗೆ ನಾವು ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತೇವೆ. ಕೇಂದ್ರ ಸರಕಾರದ 2014ರ ನಗರ ಯೋಜನಾ ಮಾರ್ಗಸೂಚಿಯಂತೆ ತಲಾ 10ರಿಂದ 12 ಚದರ ಮೀಟರ್ ಬಯಲು ಇರಬೇಕು. ಮೂವತ್ತು ಸಾವಿರ ಜನರ ಪೇಟೆಗೆ ಇದು ಸುಮಾರು 75 ಎಕರೆ. ಈಗಿನ ದರದಲ್ಲಿ ಯಾವ ಪುರಸಭೆಗೂ ಅದು ಕನಸು. ಆದರೆ ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಅಂದರೆ ನಾಲ್ಕು ಸೆಂಟ್ಸ್. ಸುತ್ತ ಮೂರು ಮೀಟರ್ ಬಿಟ್ಟರೂ ಒಂಬತ್ತು ಸೆಂಟ್ಸ್ ಸಾಕು. ಪುರುಷರ ಕಬಡ್ಡಿ ಅಂಕಣ 13ಕ್ಕೆ 10 ಮೀಟರ್, ಮೂರೂಕಾಲು ಸೆಂಟ್ಸ್. ನಮ್ಮ ಬಹುತೇಕ ವಾಳೆಗಳಲ್ಲಿ ಇಷ್ಟು ಜಾಗ ಯಾರದ್ದಾದರೂ ಹಿತ್ತಿಲಲ್ಲಿ, ಶಾಲೆಯ ಹಿಂಬದಿಯಲ್ಲಿ ಖಾಲಿ ಬಿದ್ದಿದೆ. ಪಾಲನಾ ಮಂಡಳಿಗಳು ಮುಂದಿನ ಸಭೆಯಲ್ಲಿ ಒಂದು ಗಂಟೆ ಕುಳಿತು ತಮ್ಮ ವ್ಯಾಪ್ತಿಯ ಬಯಲುಗಳನ್ನು ಸರ್ವೆ ನಂಬರ್ ಸಹಿತ ಬರೆಯಲಿ. ಆ ಪಟ್ಟಿಯ ಒಂದು ಪ್ರತಿ ಪುರಸಭೆಯ ಮುಖ್ಯಾಧಿಕಾರಿಗೆ ಹೋಗಲಿ, ಸ್ವೀಕೃತಿ ಪಡೆದು ಫೈಲಿನಲ್ಲಿಡಿ. ಬಜೆಟ್ ಪೂರ್ವಭಾವಿ ಸಭೆಯಲ್ಲಿ ಮಾತನಾಡುವವರ ಕೈಯಲ್ಲಿ ಅದೇ ಕಾಗದವಿರಲಿ.

ಗೇಟು ತೆರೆದಿಟ್ಟರೆ ಏನಾದರೂ ಆದರೆ ಯಾರು ಹೊಣೆ ಎಂಬ ಭಯ ನಮ್ಮ ಗುರುಗಳಲ್ಲಿದೆ. ಅದು ಸುಳ್ಳಲ್ಲ. ಸಮಯ ನಿಗದಿಪಡಿಸಿ, ಇಬ್ಬರು ಹಿರಿಯರಾದರೂ ಸ್ಥಳದಲ್ಲಿರುವಂತೆ ನೋಡಿಕೊಂಡು, ನಿಯಮಗಳನ್ನು ಬರೆದು ಪಾಲಕರ ಸಹಿ ಪಡೆದರೆ ಭಯ ಬಹಳಷ್ಟು ಇಳಿಯುತ್ತದೆ. ನಮಗೆ ತಿಳಿದ ಒಂದು ಧರ್ಮಕೇಂದ್ರದಲ್ಲಿ ಎರಡು ವರ್ಷಗಳಿಂದ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಮೈದಾನ ಊರಿಗೆಲ್ಲ ತೆರೆದಿದೆ. ಬೀಗದ ಕೈ ಪಕ್ಕದ ಓಣಿಯ ನಿವೃತ್ತ ಬಸ್ ಕಂಡಕ್ಟರರಲ್ಲಿದೆ. ಅವರು ನಮ್ಮ ಸಮುದಾಯದವರಲ್ಲ. ಈವರೆಗಿನ ನಷ್ಟವೆಂದರೆ ಗುರುಗಳ ನಿವಾಸದ ನಾಲ್ಕು ಹೆಂಚು, ಒಂದು ಕಿಟಕಿ ಗಾಜು. ಆ ಖರ್ಚನ್ನು ಪಾಲನಾ ಮಂಡಳಿಯ ಲೆಕ್ಕಪುಸ್ತಕದಲ್ಲಿ ದುರಸ್ತಿಗೆ ಸೇರಿಸದೆ ಕ್ರೀಡೆ ಎಂಬ ಶೀರ್ಷಿಕೆಯಡಿ ಬರೆದಿದ್ದಾರೆ.