ಹಳೆಯ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ: ಕೊಳ್ಳುವ ಮುನ್ನ

ಹಳೆ ಗೋವಾದ ಚರ್ಚುಗಳನ್ನು ದಾಟಿ ಪೋಂಡಾದ ಕಡೆಗೆ ಸಾಗುವ ದಾರಿಯಲ್ಲಿ ಕೊರ್ಲಿಮ್ ಸಿಗುತ್ತದೆ. ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ, ಬಾಗಲಕೋಟೆ ಸೀಮೆಯಿಂದ ಬಂದು ನೆಲೆಸಿದ ಪರಿಚಿತರೊಬ್ಬರು ಈಚೆಗೆ ತಮ್ಮ ಲ್ಯಾಪ್‌ಟಾಪನ್ನೂ ಒಂದು ಪುಟ್ಟ ಪೆಟ್ಟಿಗೆಯನ್ನೂ ಹಿಡಿದು ನನ್ನಲ್ಲಿಗೆ ಬಂದರು. ಲ್ಯಾಪ್‌ಟಾಪು 2012ರದು. ಗುಂಡಿ ಒತ್ತಿದರೆ ಎಚ್ಚರಗೊಳ್ಳಲು ಐದಾರು ನಿಮಿಷ ಹಿಡಿಯುತ್ತಿತ್ತು. ಕಾಲೇಜಿಗೆ ಹೋಗುವ ಮಗಳು ಹೊಸದನ್ನೇ ಕೊಡಿಸೆಂದು ಹಟ ಹಿಡಿದಿದ್ದಳು. ಅಂಗಡಿಯೊಂದರಲ್ಲಿ, ಎಸ್‌ಎಸ್‌ಡಿ ಹಾಕಿಸಿದರೆ ಸಾಕು ಎಂದು ಹೇಳಿ, ಇದ್ದುದರಲ್ಲೇ ಅತಿ ವೇಗದ್ದೊಂದನ್ನು ಕೊಟ್ಟು ಕಳುಹಿಸಿದ್ದರು. ಸಲಹೆ ಸರಿಯಾಗಿತ್ತು, ವಸ್ತು ತಪ್ಪಾಗಿತ್ತು. ಪೆಟ್ಟಿಗೆಯಲ್ಲಿದ್ದುದು ಎನ್‌ವಿಎಂಇ ಬಗೆಯ ಎಂ.2 ಪಟ್ಟಿ, ಅದನ್ನು ಸಿಕ್ಕಿಸುವ ಕಿಂಡಿಯೇ ಆ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಬರಿದೇ ಹಿಂದಿರುಗುವ ಮುನ್ನ ಅವರು ಹೇಳಿದ ಮಾತು ಇದು: “ಮಷೀನ್ ಹ್ವಾದ್ರ ಹೋಗ್ಲಿ ಸರ, ಅದರಾಗ ನಮ್ಮವ್ವನ ಬೀಸೂ ಪದ ಅದಾವ.” ತಾಯಿ ಬೀಸುವಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳನ್ನು ಅವರು ಬಿಡುವಿನ ರಾತ್ರಿಗಳಲ್ಲಿ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ತಾಯಿ ಈಗಿಲ್ಲ.

ಈ ವಾರದ ಅಂಕಣ ಆ ಎರಡು ಸಂಗತಿಗಳನ್ನು ಕುರಿತದ್ದು: ಹಳೆಯ ಯಂತ್ರಕ್ಕೆ ಹೊಂದುವ ಎಸ್‌ಎಸ್‌ಡಿಯನ್ನು ಆರಿಸುವುದು ಹೇಗೆ, ಮತ್ತು ಬದಲಾವಣೆಯಲ್ಲಿ ಕಳೆದುಹೋಗಬಾರದ್ದನ್ನು ಉಳಿಸಿಕೊಳ್ಳುವುದು ಹೇಗೆ.

ಮೊದಲು, ಇದರಿಂದ ಪ್ರಯೋಜನವೇನು? ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನಲ್ಲಿ ಒಂದು ಬಿಲ್ಲೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಬಾರಿ ತಿರುಗುತ್ತಿರುತ್ತದೆ. ಬೇಕಾದ ಮಾಹಿತಿ ಇರುವ ಸ್ಥಳ ಸೂಜಿಯ ಕೆಳಗೆ ಬರುವವರೆಗೆ ಗಣಕ ಕಾಯಬೇಕು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಸೂಜಿ ಸರಿಯುವ ಕಾಲ ಬೇರೆ. ಹೀಗಾಗಿ ಚದುರಿದ ಚಿಕ್ಕ ಕಡತಗಳನ್ನು ಅದು ಸೆಕೆಂಡಿಗೆ ನೂರರಷ್ಟು ಬಾರಿಯೂ ಓದಲಾರದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಧಾರಣ ಎಸ್‌ಎಸ್‌ಡಿಯೂ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡಬಲ್ಲುದು. ಹಳೆಯ ಯಂತ್ರ ಮುದಿಯಾಯಿತೆಂದು ನಾವು ಭಾವಿಸುವಾಗ, ಅನೇಕ ಸಲ ಮುದಿಯಾಗಿರುವುದು ಡಿಸ್ಕು ಮಾತ್ರ.

ಆದರೆ ಎಸ್‌ಎಸ್‌ಡಿ ಎಂಬುದು ಒಂದೇ ಆಕಾರದ ವಸ್ತುವಲ್ಲ. ಆಯ್ಕೆ ಮಾಡುವುದು ನಮ್ಮ ಆಸೆಯಲ್ಲ, ಯಂತ್ರದೊಳಗಿನ ಕಿಂಡಿ.

2.5 ಅಂಗುಲದ ಸಾಟಾ ಬಗೆ ಹಾರ್ಡ್ ಡಿಸ್ಕಿನ ಆಕಾರದ್ದೇ ಆಗಿದ್ದು ಅದೇ ಜಾಗದಲ್ಲಿ ಕೂರುತ್ತದೆ. 2015ಕ್ಕಿಂತ ಹಿಂದಿನ ಬಹುಪಾಲು ಲ್ಯಾಪ್‌ಟಾಪುಗಳಿಗೆ ಬೇಕಾದದ್ದು ಇದೇ. ಇಲ್ಲಿ ನೋಡಬೇಕಾದದ್ದು ದಪ್ಪ. ಹಳೆಯ ಡಿಸ್ಕುಗಳು 9.5 ಮಿಲಿಮೀಟರ್ ಇರುತ್ತಿದ್ದವು, ಇಂದಿನ ಎಸ್‌ಎಸ್‌ಡಿಗಳು 7. ತೆಳ್ಳಗಿನದು ಅಲುಗಾಡದಂತೆ ಒಂದು ಪ್ಲಾಸ್ಟಿಕ್ ಚೌಕಟ್ಟು ಸೇರಿಸಿದರಾಯಿತು. ಥಿಂಕ್‌ಪ್ಯಾಡ್ ಎಕ್ಸ್220ರಂತಹ ಕೆಲವು ಯಂತ್ರಗಳು ಮೊದಲಿನಿಂದಲೂ 7 ಮಿಲಿಮೀಟರಿನದನ್ನೇ ಬೇಡುತ್ತವೆ. ಅದೇ ಕಾಲದ ಕೆಲವು ಯಂತ್ರಗಳಲ್ಲಿ ಎಂಸಾಟಾ ಎಂಬ ಇನ್ನೊಂದು ಪುಟ್ಟ ಕಿಂಡಿಯೂ ಉಂಟು.

ಎಂ.2 ಎಂಬುದು ಅಂಟುಗಮ್ಮಿನ ಪಟ್ಟಿಯಂತಹ ಆಕಾರ. ಹೆಚ್ಚಾಗಿ ಕಾಣುವುದು 2280, ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಗೊಂದಲ ಹುಟ್ಟುವುದು ಇಲ್ಲಿಯೇ. ಎಂ.2 ಎಂಬುದು ಆಕಾರದ ಹೆಸರು. ಒಳಗೆ ಹರಿಯುವ ಭಾಷೆ ಸಾಟಾ ಆಗಿರಬಹುದು, ಎನ್‌ವಿಎಂಇ ಆಗಿರಬಹುದು. 2014-15ರ ಆಸುಪಾಸಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಂ.2 ಕಿಂಡಿ ಇದ್ದರೂ ಅದಕ್ಕೆ ಸಾಟಾ ಮಾತ್ರ ತಿಳಿದಿರುತ್ತದೆ. ಪಟ್ಟಿ ಕಿಂಡಿಯಲ್ಲಿ ಕೂತರೂ ಗಣಕ ಅದನ್ನು ಗುರುತಿಸದು. ಗುರುತಿಸಿದರೂ, ಹಳೆಯ ಬಯೋಸ್ ಅದರಿಂದ ಕಾರ್ಯಾರಂಭ ಮಾಡದೆ ಹೋಗಬಹುದು.

ಇವಲ್ಲದೆ ಎರಡು ಎಚ್ಚರಿಕೆಗಳು. 2013ರಿಂದ 2017ರವರೆಗಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಆಪಲ್ ತನ್ನದೇ ಆದ ಜೋಡಣೆಯನ್ನು ಬಳಸಿದೆ; ಸಾಮಾನ್ಯ ಪಟ್ಟಿ ನೇರವಾಗಿ ಕೂರದು. ಕಡಿಮೆ ಬೆಲೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಇಎಂಎಂಸಿ ಸಂಗ್ರಹವನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ, ಅದನ್ನು ಬದಲಾಯಿಸುವಂತಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಲ್ಯಾಪ್‌ಟಾಪಿನ ಕೆಳಬದಿಯಲ್ಲಿ ಪೂರ್ಣ ಮಾದರಿ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು, ತಯಾರಕರ ದುರಸ್ತಿ ಕೈಪಿಡಿಯಲ್ಲಿ ಸಂಗ್ರಹದ ಪುಟವನ್ನು ನೋಡಿರಿ. ಸಾಧ್ಯವಾದರೆ ಹಿಂಬದಿಯ ಮುಚ್ಚಳ ತೆಗೆಸಿ ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಿರಿ. ಅಂಗಡಿಯವರಿಗೆ “ಎಸ್‌ಎಸ್‌ಡಿ ಕೊಡಿ” ಎನ್ನುವುದಕ್ಕಿಂತ “ಈ ಮಾದರಿಗೆ ಹೊಂದುವ ಎಸ್‌ಎಸ್‌ಡಿ ಕೊಡಿ, ಹೊಂದದಿದ್ದರೆ ಹಿಂದಕ್ಕೆ ಪಡೆಯುವಿರಾ?” ಎಂದು ಕೇಳುವುದು ಮೇಲು.

ವೇಗದ ಅಂಕಿಗಳಿಗೆ ಮರುಳಾಗಬೇಕಿಲ್ಲ. ಸಾಟಾದ ಮೂರನೆಯ ಪೀಳಿಗೆ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಸಾಗಿಸಬಲ್ಲುದು, ಎರಡನೆಯದು ಅದರ ಅರ್ಧ. ಇಂಟೆಲ್‌ನ ಚಿಪ್‌ಸೆಟ್‌ಗಳಲ್ಲಿ ಮೂರನೆಯ ಪೀಳಿಗೆ ಕಾಣಿಸಿಕೊಂಡದ್ದು 2011ರಲ್ಲಿ. ಅದಕ್ಕಿಂತ ಹಳೆಯ ಯಂತ್ರಕ್ಕೂ ಹೊಸ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ, ಆದರೆ ಹಳೆಯ ವೇಗದಲ್ಲಿ ಓಡುತ್ತದೆ. ಚಿಂತೆ ಬೇಡ: ನಿತ್ಯದ ಬಳಕೆಯಲ್ಲಿ ನಾವು ಅನುಭವಿಸುವ ಚುರುಕು ಬರುವುದು ಕಾಯುವಿಕೆ ಇಲ್ಲವಾಗುವುದರಿಂದ, ಸಾಗಣೆಯ ಗರಿಷ್ಠ ವೇಗದಿಂದಲ್ಲ. ಗುಣಮಟ್ಟದ ವಿಷಯದಲ್ಲಿ, ಒಂದು ಕೋಶದಲ್ಲಿ 3 ಬಿಟ್ ಇರಿಸುವ ಟಿಎಲ್‌ಸಿ ಬಗೆ, 4 ಬಿಟ್ ಇರಿಸುವ ಕ್ಯೂಎಲ್‌ಸಿಗಿಂತ ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ. ಈಗ ತುಂಬಿರುವ ಜಾಗದ ಎರಡರಷ್ಟು ಸಾಮರ್ಥ್ಯವಿದ್ದರೆ ಸಾಕು.

ಇನ್ನೊಂದು ಮಿತಿಯನ್ನೂ ಅರಿತಿರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಪ್ರೊಸೆಸರಿನ ಯಂತ್ರಗಳು ವಿಂಡೋಸ್ 11ರ ಷರತ್ತುಗಳನ್ನು ಪೂರೈಸವು. ಎಸ್‌ಎಸ್‌ಡಿ ಆ ಕೊರತೆಯನ್ನು ನೀಗದು. ಅಂಥ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ಆಶ್ರಯ. ಯೂನಿಕೋಡ್ ಕನ್ನಡ ಅಲ್ಲಿ ಚೆನ್ನಾಗಿಯೇ ಮೂಡುತ್ತದೆ.

ಇನ್ನು ಅವ್ವನ ಪದಗಳ ಮಾತು. 2.5 ಅಂಗುಲದ ಸರಿಯಾದ ಎಸ್‌ಎಸ್‌ಡಿ ತಂದು, ಹೊಸದಾಗಿ ವ್ಯವಸ್ಥೆ ಸ್ಥಾಪಿಸಿ, ಕಡತಗಳನ್ನು ನಕಲಿಸಿದೆವು. ಯಂತ್ರ ಅರೆ ನಿಮಿಷದೊಳಗೆ ಎದ್ದು ಕುಳಿತಿತು. ಪದಗಳ ಕಡತ ತೆರೆದರೆ ತೆರೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು! ಅವರ ಮುಖ ಬಾಡಿತು. ಹಾಳಾಗಿದ್ದುದು ಕಡತವಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಕ್ರಮದಲ್ಲಿ ಬರೆದದ್ದು ಆಯಾ ಫಾಂಟು ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ; ಹೊಸ ವ್ಯವಸ್ಥೆಯಲ್ಲಿ ಆ ಫಾಂಟು ಇರಲಿಲ್ಲ. ಪುಣ್ಯಕ್ಕೆ ಹಳೆಯ ಡಿಸ್ಕನ್ನು ಅಳಿಸಿರಲಿಲ್ಲ. ಅದರ ಫಾಂಟು ಕೋಶದಿಂದ ನಕಲಿಸಿ ಸ್ಥಾಪಿಸಿದೊಡನೆ ಅಕ್ಷರಗಳು ಮರಳಿದವು. ಬಳಿಕ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಸಾಲು ಸಾಲಾಗಿ ತಿದ್ದಿ, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿದೆವು.

ಆದುದರಿಂದ ಓದುಗರಲ್ಲಿ ನನ್ನ ವಿನಂತಿ: ಬದಲಾವಣೆಗೆ ಮೊದಲೇ ಕಡತಗಳ ಜತೆಗೆ ಫಾಂಟುಗಳನ್ನೂ ನಕಲಿಸಿರಿ. ಹಳೆಯ ಡಿಸ್ಕನ್ನು ಕೂಡಲೇ ಅಳಿಸಬೇಡಿರಿ, ಮಾರಬೇಡಿರಿ. ಅಗ್ಗದ ಯುಎಸ್‌ಬಿ ಕವಚವೊಂದರಲ್ಲಿ ಹಾಕಿಟ್ಟರೆ ಅದೇ ಎರಡನೆಯ ಪ್ರತಿಯಾಗುತ್ತದೆ. ಎಸ್‌ಎಸ್‌ಡಿಯನ್ನು ಕಪಾಟಿನಲ್ಲಿಟ್ಟು ಮರೆಯುವ ಭಂಡಾರವೆಂದು ತಿಳಿಯಬಾರದು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ, ಅದರಲ್ಲೂ ಸೆಕೆಯಲ್ಲಿ ಬಿದ್ದಿದ್ದರೆ ಅದರೊಳಗಿನ ಬರಹ ಮಾಸಬಹುದು. ಅದು ಕೆಡುವಾಗ ಹಾರ್ಡ್ ಡಿಸ್ಕಿನಂತೆ ಕಟಕಟ ಸದ್ದಿನ ಮುನ್ಸೂಚನೆಯನ್ನೂ ಕೊಡದು.

ಮಗಳು ಈಗ ಅದೇ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಾಳೆ. ಕನ್ನಡ ಅಕ್ಷರ ಕಲಿಯದ ಅವಳಿಗೆ, ಅಜ್ಜಿಯ ಪದಗಳನ್ನು ತಂದೆ ಭಾನುವಾರಗಳಂದು ಓದಿ ಹೇಳುತ್ತಾರಂತೆ.