ದೀಪಸ್ತಂಭವನ್ನು ಸರಿಸಿದ್ದು ದುಂದುವೆಚ್ಚವೇ?

ಕಾರಿನ ಹಿಂದೆ ಟ್ರೇಲರ್ ಮನೆಯನ್ನು ಕಟ್ಟಿಕೊಂಡು ಅಮೆರಿಕದ ನಾರ್ತ್ ಕೆರೊಲಿನಾ ಕಡಲತೀರದಲ್ಲಿ ಸಂಚರಿಸುವವರು ಕೇಪ್ ಹ್ಯಾಟರಾಸ್ ದೀಪಸ್ತಂಭವನ್ನು ಕಾಣದೆ ಮರಳುವುದು ವಿರಳ. ಕಂಡು ಬಂದ ನಮ್ಮವರಲ್ಲಿಯೇ ಕೆಲವರು, “ಉಪಗ್ರಹಗಳು ದಾರಿ ತೋರುವ ಕಾಲದಲ್ಲಿ ಹಳೆಯ ಇಟ್ಟಿಗೆ ಕಂಬಕ್ಕೆ ಇಷ್ಟು ಹಣವೇಕೆ?” ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ.

1870ರಲ್ಲಿ ದೀಪ ಬೆಳಗಿದಾಗ ಸ್ತಂಭವು ಕಡಲಿನಿಂದ ಸುಮಾರು 1,500 ಅಡಿ ದೂರವಿತ್ತು. ಒಂದು ಶತಮಾನದಲ್ಲಿ ಆ ಅಂತರ 120 ಅಡಿಗೆ ಇಳಿಯಿತು. ದಡಕ್ಕೆ ಮರಳು ಸುರಿದರು, ಅಲೆಗಳಿಗೆ ತಡೆ ಕಟ್ಟಿದರು, ಕಡಲು ಮಣಿಯಲಿಲ್ಲ. ಸರಿಸಿದರೆ ಕುಸಿದೀತೆಂದು ವಿರೋಧಿಸಿದವರೂ ಇದ್ದರು. ಕೊನೆಗೆ 1999ರಲ್ಲಿ ಸುಮಾರು 4,800 ಟನ್ ತೂಕದ ಸ್ತಂಭವನ್ನು ಬುಡಸಮೇತ ಜಾಕ್‌ಗಳಿಂದ ಎತ್ತಿ, 23 ದಿನಗಳಲ್ಲಿ 2,900 ಅಡಿ ಸರಿಸಿದರು. ಅದು ಕುಸಿಯಲಿಲ್ಲ.

ಎದುರಿನ ಡೈಮಂಡ್ ಶೋಲ್ಸ್ ಮರಳದಿಬ್ಬಗಳಲ್ಲಿ ಒಡೆದ ಹಡಗುಗಳು ಅಸಂಖ್ಯ. ಅಲ್ಲಿ ಮುಳುಗಿದ ನಾವಿಕರಿಗೂ, ಇರುಳೆಲ್ಲ ದೀಪ ಕಾಯ್ದವರಿಗೂ ಆ ಸ್ತಂಭವೇ ಸ್ಮಾರಕ. ಉಪಯೋಗ ತೀರಿತೆಂದು ಋಣವೂ ತೀರುವುದೇ?

ವಿಹಾರಕ್ಕಾಗಿ ಮನೆಯನ್ನೇ ಎಳೆದೊಯ್ಯುವ ನಾವು, ಚರಿತ್ರೆಯನ್ನು ಅರ್ಧ ಮೈಲಿ ಸರಿಸಿದವರನ್ನು ದುಂದುಗಾರರೆನ್ನುವುದು ಯಾವ ನ್ಯಾಯ? ಪ್ರಿಯ ವಿದ್ಯಾರ್ಥಿಗಳೇ, ನೀವೇ ಹೇಳಿ.